ಸ್ಕ್ಯಾನ್‌ನಲ್ಲಿ ಸುಸ್ತು ಕಾಣುವುದಿಲ್ಲ
ಮೆದುಳಿನ ಅನ್ಯೂರಿಸಂ: ಓದುಗರ ಪತ್ರಗಳಿಗೆ ಉತ್ತರ

ಕೆಲವು ತಿಂಗಳ ಹಿಂದೆ ಇದೇ ಪತ್ರಿಕೆಯಲ್ಲಿ ನನ್ನ ಕಾಯಿಲೆಯ ಬಗ್ಗೆ ಒಂದು ಪುಟ ಬರೆದಿದ್ದೆ. ಓದದವರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಾನು ಇಲ್ಲಿ ಕರಡು ತಿದ್ದುವವಳು. ಆರು ವರ್ಷದ ಹಿಂದೆ, ನನಗೆ 43 ಆಗಿದ್ದಾಗ, ಒಂದು ಬೆಳಿಗ್ಗೆ ಮೇಜಿನ ಮುಂದೆ ಕೂತು ಪುಟ ನೋಡುತ್ತಿದ್ದೆ. ತಲೆಯ ಹಿಂದೆ ಯಾರೋ ಬಲವಾಗಿ ಹೊಡೆದ ಹಾಗಾಯಿತು. ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆಮೇಲೆ ವಾಂತಿ. ಕುತ್ತಿಗೆ ಬಿಗಿಯಿತು. ಬೆಳಕು ನೋಡಲು ಆಗಲಿಲ್ಲ. ಮೊದಲು ನೋಡಿದ ವೈದ್ಯರು ಮೈಗ್ರೇನ್ ಎಂದು ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು. ಸಂಜೆ ಅಕ್ಕ ಬಂದು ನನ್ನ ಎಡಗಣ್ಣಿನ ರೆಪ್ಪೆ ಜೋತು ಬಿದ್ದದ್ದನ್ನು ನೋಡಿದಳು. ಒಂದು ನಿಮಿಷವೂ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅನ್ಯೂರಿಸಂ ಅಂದರೆ ರಕ್ತನಾಳದ ಗೋಡೆ ಒಂದು ಕಡೆ ಸೋತು ಬಲೂನಿನ ಹಾಗೆ ಉಬ್ಬುವುದು. ಹೆಚ್ಚಾಗಿ ನಾಳ ಕವಲಾಗುವ ಜಾಗದಲ್ಲಿ ಆಗುತ್ತದೆ. ನೂರು ಜನ ದೊಡ್ಡವರಲ್ಲಿ ಸುಮಾರು ಮೂವರ ತಲೆಯಲ್ಲಿ ಇರುತ್ತದಂತೆ. ಬಹಳಷ್ಟು ಮಂದಿಗೆ ಅದು ಜೀವಮಾನವಿಡೀ ಒಡೆಯುವುದೇ ಇಲ್ಲ. ನನ್ನದು 7 ಮಿ.ಮೀ. ಇತ್ತು, ಒಡೆಯಿತು. ತೊಡೆಸಂದಿನ ರಕ್ತನಾಳದಿಂದ ತೆಳು ಕೊಳವೆ ತೂರಿಸಿ, ಆ ಉಬ್ಬಿನೊಳಗೆ ಪ್ಲಾಟಿನಂ ಕಾಯಿಲ್, ಅಂದರೆ ತೆಳು ತಂತಿಯ ಸುರುಳಿ, ತುಂಬಿ ಮುಚ್ಚಿದರು. 19 ದಿನ ಆಸ್ಪತ್ರೆಯಲ್ಲಿದ್ದೆ.

ಲೇಖನ ಬಂದ ಮೇಲೆ ತುಂಬಾ ಪತ್ರಗಳು ಬಂದವು. ನಾನು ವೈದ್ಯೆ ಅಲ್ಲ. ಅನುಭವಿಸಿದ್ದು, ನನ್ನ ವೈದ್ಯರನ್ನು ಕೇಳಿ ಕೇಳಿ ತಿಳಿದದ್ದು, ಇಷ್ಟೇ ನನ್ನ ಬಳಿ ಇರುವುದು. ನಿಮ್ಮ ಔಷಧಿಯ ವಿಷಯ ನಿಮ್ಮ ವೈದ್ಯರೇ ಹೇಳಬೇಕು.

ಪ್ರಶ್ನೆ: ಮೇಡಂ, ನನ್ನ ಹೆಂಡತಿಗೆ 38 ವರ್ಷ. ಐದು ತಿಂಗಳ ಹಿಂದೆ ಅನ್ಯೂರಿಸಂ ಒಡೆದು ಆಪರೇಷನ್ ಆಯಿತು. ಸ್ಕ್ಯಾನ್ ಚೆನ್ನಾಗಿದೆ ಎಂದಿದ್ದಾರೆ. ನಡೆಯುತ್ತಾಳೆ, ಮಾತಾಡುತ್ತಾಳೆ. ಆದರೆ ಮಧ್ಯಾಹ್ನ ಆದರೆ ಮಲಗಿಬಿಡುತ್ತಾಳೆ. ಮಕ್ಕಳ ಮೇಲೆ ಸುಮ್ನೆ ರೇಗುತ್ತಾಳೆ. ಮನಸ್ಸು ಗಟ್ಟಿ ಮಾಡಿಕೊಂಡರೆ ಆಗಲ್ವಾ? ಹೇಗೆ ಹೇಳಲಿ ಅವಳಿಗೆ?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಕೋಪದಿಂದ ಬರೆದಿಲ್ಲ, ಹೆದರಿ ಬರೆದಿದ್ದೀರಿ. ಅದಕ್ಕೇ ನೇರವಾಗಿ ಹೇಳುತ್ತೇನೆ. ಅವರಿಗೆ ಏನೂ ಹೇಳಬೇಡಿ. ಮಲಗಲು ಬಿಡಿ.

ಸ್ಕ್ಯಾನ್ ಚೆನ್ನಾಗಿದೆ ಅಂದರೆ ಕ್ಲಿಪ್ಪೋ (ಉಬ್ಬಿನ ಕತ್ತನ್ನು ಹೊರಗಿನಿಂದ ಹಿಸುಕಿ ಮುಚ್ಚುವ ಸಣ್ಣ ಲೋಹದ ಚಿಮಟ) ಕಾಯಿಲ್ಲೋ ಸರಿಯಾಗಿ ಕೂತಿದೆ, ಹೊಸದಾಗಿ ರಕ್ತ ಸೋರಿಲ್ಲ ಅಂತ ಅರ್ಥ. ಅದರಲ್ಲಿ ಸುಸ್ತು ಕಾಣುವುದಿಲ್ಲ. ಅನ್ಯೂರಿಸಂ ಒಡೆದಾಗ ರಕ್ತ ಮೆದುಳಿನ ಸುತ್ತ ಇರುವ ನೀರಿನಲ್ಲಿ ಹರಡಿಕೊಳ್ಳುತ್ತದೆ. ಇಡೀ ಮೆದುಳಿಗೇ ಅದರ ಪೆಟ್ಟು. ಬದುಕಿ ಉಳಿದವರಲ್ಲಿ ಸುಸ್ತು ಎಷ್ಟು ಸಾಮಾನ್ಯ ಅಂದರೆ, ನಾನು ಮಾತಾಡಿಸಿದವರಲ್ಲಿ ಅದಿಲ್ಲ ಎಂದವರು ಒಬ್ಬರೂ ಸಿಕ್ಕಿಲ್ಲ. ಇದು ಕೆಲಸ ಮಾಡಿ ದಣಿದ ಹಾಗಲ್ಲ. ದಣಿದರೆ ಕೂತರೆ ಸರಿಹೋಗುತ್ತದೆ. ಇದರಲ್ಲಿ ಮಾತಿನ ನಡುವೆಯೇ ಎದುರಿನವರ ಮುಖ ದೂರ ಹೋಗುತ್ತದೆ. ಅವರು ಹೇಳುತ್ತಿರುವುದು ಕೇಳುತ್ತದೆ, ಅರ್ಥ ಆಗುವುದಿಲ್ಲ.

ನನಗೆ ನಡೆದಾಡುವುದಕ್ಕಿಂತ ಸದ್ದು ಜಾಸ್ತಿ ಸುಸ್ತು ತರುತ್ತಿತ್ತು. ಟಿವಿ ಹಾಕಿರುವಾಗ ಇಬ್ಬರು ಮಾತಾಡಿದರೆ ಸಾಕು, ಹತ್ತು ನಿಮಿಷದಲ್ಲಿ ಕಣ್ಣಲ್ಲಿ ನೀರು. ಮಕ್ಕಳು ಒಟ್ಟಿಗೆ ಎರಡು ಪ್ರಶ್ನೆ ಕೇಳಿದರೆ ರೇಗುತ್ತಿದ್ದೆ. ಆಮೇಲೆ ಬಚ್ಚಲಿಗೆ ಹೋಗಿ ಅಳುತ್ತಿದ್ದೆ. ನಿಮ್ಮ ಹೆಂಡತಿ ಕೂಡ ಅಳುತ್ತಿರಬಹುದು, ನಿಮಗೆ ಗೊತ್ತಿಲ್ಲದೆ.

ಅಕ್ಕ ಒಂದು ಕೆಲಸ ಮಾಡಿದಳು. ಹಳೆಯ ಡೈರಿಯಲ್ಲಿ ಎರಡು ವಾರ ನನ್ನ ದಿನ ಬರೆದಿಟ್ಟಳು. ಏನು ಮಾಡಿದೆ, ಆಮೇಲೆ ಎಷ್ಟು ಹೊತ್ತು ಮಲಗಿದೆ, ಅಷ್ಟೇ. ಅದರಿಂದ ಗೊತ್ತಾಯಿತು: ಸ್ನಾನ ಮಾಡಿದ ಮೇಲೆ ನನಗೆ ಅರ್ಧ ಗಂಟೆ ಬೇಕು. ನೋಡಲು ಬಂದವರು ಒಂದು ಗಂಟೆ ಕೂತು ಹೋದರೆ ಮಾರನೆಯ ದಿನ ಪೂರ್ತಿ ಬೇಕು. ಆಮೇಲೆ ಬಂದವರಿಗೆ ಅವಳೇ ಬಾಗಿಲಲ್ಲಿ "ಹದಿನೈದು ನಿಮಿಷ" ಎಂದು ಹೇಳಲು ಶುರು ಮಾಡಿದಳು. ಕೆಲವರು ಬೇಜಾರು ಮಾಡಿಕೊಂಡರು. ನಾನು ಮಾತ್ರ ಅವಳ ಆ ಒಂದು ಮಾತಿನಿಂದ ಚೇತರಿಸಿಕೊಂಡೆ. ಎಲ್ಲರೂ ನನಗೆ ಮರುಹುಟ್ಟು ಎನ್ನುತ್ತಿದ್ದರು. ಹುಟ್ಟಿದ ಕೂಸಿಗೆ ಎಷ್ಟು ನಿದ್ದೆ ಬೇಕು ಎಂದು ಎಲ್ಲರಿಗೂ ಗೊತ್ತಿದೆ, ಅಲ್ವಾ?

ಒಳ್ಳೆಯ ದಿನ ಬಂದಾಗ ಅವರನ್ನು ಸ್ವಲ್ಪ ತಡೆಯಿರಿ. ಆ ದಿನವೇ ನಾವು ತಪ್ಪು ಮಾಡುವುದು. ಬಾಕಿ ಕೆಲಸವೆಲ್ಲ ಮುಗಿಸಲು ಹೋಗಿ ಮೂರು ದಿನ ಬೀಳುತ್ತೇವೆ.

ಹಾಗಂತ ಎಲ್ಲವನ್ನೂ ಸುಸ್ತಿನ ತಲೆಗೆ ಕಟ್ಟಬೇಡಿ. ಮುಂದಿನ ಸಲ ವೈದ್ಯರ ಬಳಿ ಹೋದಾಗ ಇದನ್ನು ಬಾಯಿಬಿಟ್ಟು ಹೇಳಿ. ಫಿಟ್ಸ್ ಬರದಿರಲಿ ಎಂದು ಕೊಡುವ ಕೆಲವು ಮಾತ್ರೆಗಳಿಂದಲೂ ಮಂಪರು, ಸಿಟ್ಟು ಜಾಸ್ತಿಯಾಗುತ್ತದೆ. ರಕ್ತ ಕಡಿಮೆ ಇರಬಹುದು. ಥೈರಾಯ್ಡ್ ಮತ್ತು ಬೇರೆ ಹಾರ್ಮೋನು ಏರುಪೇರಾಗಿರಬಹುದು. ಖಿನ್ನತೆಯೂ ಸುಸ್ತಿನ ವೇಷದಲ್ಲೇ ಬರುತ್ತದೆ, ಅದಕ್ಕೂ ಚಿಕಿತ್ಸೆ ಇದೆ. ಇನ್ನೊಂದು ವಿಷಯ ಗಮನವಿಟ್ಟು ಓದಿ. ನಿದ್ದೆ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಹೆಜ್ಜೆ ಎಳೆದು ನಡೆಯುತ್ತಿದ್ದರೆ, ಮೂತ್ರ ತಡೆಯಲು ಆಗುತ್ತಿಲ್ಲವಾದರೆ, ಆಗ ತಡ ಮಾಡಬೇಡಿ. ಮೆದುಳಿನಲ್ಲಿ ನೀರು ತುಂಬಿಕೊಳ್ಳುತ್ತಿರಬಹುದು. ತಿಂಗಳುಗಳ ಮೇಲೂ ಇದು ಆಗಬಹುದು. ನನಗೆ ಆಸ್ಪತ್ರೆಯಲ್ಲಿದ್ದಾಗಲೇ ಆಗಿ, ಒಂಬತ್ತು ದಿನ ತಲೆಯಿಂದ ಒಂದು ಟ್ಯೂಬ್ ಹೊರಗೆ ಬಿಟ್ಟಿದ್ದರು. ಕೆಲವರಿಗೆ ಒಳಗೇ ಷಂಟ್ ಎನ್ನುವ ಕೊಳವೆ ಇಡಬೇಕಾಗುತ್ತದೆ. ಇಟ್ಟ ಮೇಲೆ ಎಷ್ಟೋ ಜನ ಮೊದಲಿನ ಹಾಗೆ ಓಡಾಡುತ್ತಾರೆ.

ಐದು ತಿಂಗಳು ಏನೂ ಅಲ್ಲ. ನಾನು ಅರ್ಧ ದಿನದ ಕೆಲಸಕ್ಕೆ ಮರಳಿದ್ದು ಹನ್ನೊಂದನೇ ತಿಂಗಳಿಗೆ. ಎರಡನೇ ವರ್ಷದಲ್ಲೂ ಸುಧಾರಿಸುತ್ತಲೇ ಇದ್ದೆ.

ಪ್ರಶ್ನೆ: ಅಕ್ಕಾ, ನನಗೆ 26. ಕಾಯಿಲ್ ಹಾಕಿ ಒಂದು ವರ್ಷ ಆಯಿತು. ಸಣ್ಣ ತಲೆನೋವು ಬಂದರೂ ಮತ್ತೆ ಒಡೆಯಿತು ಅಂದುಕೊಳ್ಳುತ್ತೇನೆ. ರಾತ್ರಿ ನಿದ್ದೆ ಮಾಡಲು ಭಯ. ಮೂರು ಸಲ ಎಮರ್ಜೆನ್ಸಿಗೆ ಓಡಿದ್ದೇನೆ. ಅಲ್ಲಿಯವರು ಈಗ ನನ್ನನ್ನು ನೋಡಿ ನಿಟ್ಟುಸಿರು ಬಿಡುತ್ತಾರೆ.

ಉತ್ತರ: ಅವರು ನಿಟ್ಟುಸಿರು ಬಿಡಲಿ. ನೀನು ಹೋದದ್ದು ತಪ್ಪಲ್ಲ. ಒಂದು ಸಲ ಸಾವನ್ನು ತಲೆನೋವಿನ ರೂಪದಲ್ಲಿ ನೋಡಿದವರಿಗೆ ತಲೆನೋವು ಕಂಡರೆ ಭಯ ಆಗದೆ ಇನ್ನೇನಾಗುತ್ತದೆ?

ನನ್ನ ವೈದ್ಯರು ಹೇಳಿಕೊಟ್ಟದ್ದನ್ನು ನಿನಗೂ ಹೇಳುತ್ತೇನೆ. ಒಡೆಯುವ ತಲೆನೋವು ಏರುವುದಿಲ್ಲ, ಬಂದು ಬೀಳುತ್ತದೆ. ಒಂದು ನಿಮಿಷದೊಳಗೆ ತುದಿ ಮುಟ್ಟಿಬಿಡುತ್ತದೆ. ಅದಕ್ಕೇ ಅದನ್ನು ಸಿಡಿಲು ಬಡಿದ ಹಾಗೆ ಎನ್ನುತ್ತಾರೆ. ಬೆಳಿಗ್ಗೆ ಸಣ್ಣಗೆ ಶುರುವಾಗಿ ಮಧ್ಯಾಹ್ನದ ಹೊತ್ತಿಗೆ ಜಾಸ್ತಿಯಾಗುವ ನೋವು, ಹಣೆಯ ಸುತ್ತ ಬಿಗಿಯುವ ನೋವು, ಇವು ನಮ್ಮಂಥವರಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬರುತ್ತವೆ. ನನಗೆ ಇಂದಿಗೂ ನಿದ್ದೆ ಕೆಟ್ಟರೆ ಬರುತ್ತದೆ. ಸಿಡಿಲಿನಂಥದ್ದು ಬಂದರೆ, ಅಥವಾ ನೋವಿನ ಜೊತೆ ಕುತ್ತಿಗೆ ಬಿಗಿದರೆ, ರೆಪ್ಪೆ ಜೋತರೆ, ಎರಡೆರಡಾಗಿ ಕಂಡರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಫಿಟ್ಸ್ ಬಂದರೆ ಯೋಚನೆ ಮಾಡಬೇಡ, ಹೊರಡು. ನಾಲ್ಕನೇ ಸಲ ಆದರೂ ಹೊರಡು.

ನಾನು ಏನು ಮಾಡುತ್ತಿದ್ದೆ ಗೊತ್ತಾ? ನೋವು ಶುರುವಾದ ಕೂಡಲೇ ಗಡಿಯಾರ ನೋಡಿ ಒಂದು ಚೀಟಿಯಲ್ಲಿ ಹೊತ್ತು ಬರೆಯುತ್ತಿದ್ದೆ. ಹತ್ತು ನಿಮಿಷ ಬಿಟ್ಟು ಮತ್ತೆ ಬರೆಯುತ್ತಿದ್ದೆ, ನೋವು ಎಷ್ಟಿದೆ ಎಂದು. ಎರಡನೇ ಸಾಲು ಬರೆಯುವಾಗ ಕೈ ನಡುಗುವುದು ನಿಂತಿರುತ್ತಿತ್ತು. ಆ ಚೀಟಿಗಳನ್ನು ಇನ್ನೂ ಇಟ್ಟುಕೊಂಡಿದ್ದೇನೆ, ನಲವತ್ತಕ್ಕಿಂತ ಜಾಸ್ತಿ ಇವೆ. ಒಂದೂ ಆ ದಿನದ್ದಲ್ಲ.

ಸರಿಯಾಗಿ ಮುಚ್ಚಿದ ಅನ್ಯೂರಿಸಂ ಮತ್ತೆ ಒಡೆಯುವುದು ತುಂಬಾ ಅಪರೂಪ. ಹಾಕಿದ ಕಾಯಿಲ್ ಕೆಲವೊಮ್ಮೆ ಸ್ವಲ್ಪ ಕುಗ್ಗಿ ಉಬ್ಬು ಮತ್ತೆ ಬಾಯಿ ಬಿಡುತ್ತದೆ. ಅದನ್ನು ಮೊದಲೇ ಹಿಡಿಯಲೆಂದೇ ಆಗಾಗ ಆಂಜಿಯೋ, ಅಂದರೆ ರಕ್ತನಾಳಗಳ ಚಿತ್ರ ತೆಗೆಯುವ ಪರೀಕ್ಷೆ, ಮಾಡುವುದು. ಒಂದೂ ತಪ್ಪಿಸಬೇಡ. ಇನ್ನೊಂದು, ನೋವಿನ ಮಾತ್ರೆಯನ್ನು ತಿಂಗಳಲ್ಲಿ ಹತ್ತು ಹದಿನೈದು ದಿನ ನುಂಗುತ್ತಿದ್ದರೆ ಆ ಮಾತ್ರೆಯೇ ತಲೆನೋವು ತರುತ್ತದೆ. ಎಷ್ಟು ನುಂಗುತ್ತಿದ್ದೀಯಾ ಎಂದು ವೈದ್ಯರಿಗೆ ನಿಜ ಹೇಳು. ಭಯದ ವಿಷಯ ಹೇಳಿಕೊಳ್ಳಲು ಕೌನ್ಸೆಲರ್ ಬಳಿ ಹೋಗು. ನಾನು ಎಂಟು ತಿಂಗಳು ಹೋದೆ.

ನಿನ್ನ ವಯಸ್ಸಿನವರು ನೀನೊಬ್ಬಳೇ ಅಲ್ಲ. ನಟಿ ಎಮಿಲಿಯಾ ಕ್ಲಾರ್ಕ್‌ಗೆ 2011ರಲ್ಲಿ ಒಡೆದಾಗ 24 ವರ್ಷ. ಕೆಲ ದಿನ ತನ್ನ ಹೆಸರನ್ನೇ ಹೇಳಲು ಆಗುತ್ತಿರಲಿಲ್ಲ. 2013ರಲ್ಲಿ ಇನ್ನೊಂದು ಅನ್ಯೂರಿಸಂಗೆ ಆಪರೇಷನ್ ಆಯಿತು. ಎರಡರ ನಡುವೆಯೂ ಆಮೇಲೂ ಕ್ಯಾಮೆರಾ ಮುಂದೆ ನಿಂತು ಉದ್ದುದ್ದ ಮಾತು ಒಪ್ಪಿಸಿದವರು ಆಕೆ. 2019ರಲ್ಲಿ ಇದನ್ನೆಲ್ಲ ತಾವೇ ಬರೆದರು. ಅದನ್ನು ಓದಿದ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಪ್ರಶ್ನೆ: ನಾನು ಶಿಕ್ಷಕ. ಸ್ಟ್ರೋಕ್ ಆಗಲಿಲ್ಲ ಎಂದರು, ಆದರೂ ಮಾತಿನ ನಡುವೆ ಪದ ಸಿಗುವುದಿಲ್ಲ. ಮಕ್ಕಳ ಮುಂದೆ ನಿಂತು ತಡಬಡಾಯಿಸುತ್ತೇನೆ. ನಿಮ್ಮದು ಅಕ್ಷರದ ಕೆಲಸ. ನೀವು ಹೇಗೆ ಮರಳಿದಿರಿ?

ಉತ್ತರ: ಸರ್, ಎಂಟನೇ ದಿನ ನನ್ನ ಮಾತು ಪೂರ್ತಿ ನಿಂತಿತ್ತು. ಒಡೆದ ಮೂರು ನಾಲ್ಕು ದಿನದಿಂದ ಎರಡು ವಾರದ ತನಕ ಮೆದುಳಿನ ರಕ್ತನಾಳಗಳು ಬಿಗಿದುಕೊಳ್ಳುವ ಅಪಾಯ ಇರುತ್ತದೆ. ಅದಕ್ಕೇ ನಾಲ್ಕು ಗಂಟೆಗೊಮ್ಮೆ, 21 ದಿನ, ನಡುರಾತ್ರಿಯಲ್ಲೂ ಎಬ್ಬಿಸಿ ನಿಮೋಡಿಪಿನ್ ಮಾತ್ರೆ ಕೊಡುತ್ತಾರೆ. ಅಷ್ಟಾಗಿಯೂ ನನಗೆ ಬಿಗಿಯಿತು. ನರ್ಸ್ ಪೆನ್ನು ತೋರಿಸಿ ಇದೇನು ಎಂದರು. ನನಗೆ ಗೊತ್ತಿತ್ತು. ಇಪ್ಪತ್ತು ವರ್ಷ ಅದನ್ನೇ ಹಿಡಿದವಳು. ಬಾಯಿಗೆ ಬರಲಿಲ್ಲ. ತಕ್ಷಣ ಬಿಪಿ ಏರಿಸುವ ಔಷಧಿ ಕೊಟ್ಟು ರಕ್ತ ಓಡುವಂತೆ ಮಾಡಿದರು. ಎರಡು ದಿನದಲ್ಲಿ ಮಾತು ಬಂತು, ಆದರೆ ತೂತು ಬಿದ್ದ ಮಾತು. ಕಿಟಕಿಗೆ "ಗೋಡೆಯ ಬಾಗಿಲು" ಎನ್ನುತ್ತಿದ್ದೆ. ಕನ್ನಡಕಕ್ಕೆ "ಕಣ್ಣಿಗೆ ಹಾಕುವುದು".

ಸ್ಪೀಚ್ ಥೆರಪಿಯವರು ಹೇಳಿದ ಮೊದಲ ಪಾಠ: ಪದ ಸಿಗದಿದ್ದರೆ ನಿಲ್ಲಬೇಡಿ, ಸುತ್ತಿ ಹೇಳಿ. ಅದು ಹೇಗಿದೆ, ಏತಕ್ಕೆ ಬೇಕು, ಎಲ್ಲಿರುತ್ತದೆ. ಹೇಳುತ್ತಾ ಹೋದರೆ ಪದ ತಾನಾಗಿ ಬರುತ್ತದೆ. ಹುಡುಕಿ ತಿಣುಕಿದರೆ ಬರುವುದಿಲ್ಲ. ದಿನಕ್ಕೆ ಎರಡು ಸಲ ಇಪ್ಪತ್ತು ನಿಮಿಷ, ಅಷ್ಟೇ, ಗಟ್ಟಿಯಾಗಿ ಓದುತ್ತಿದ್ದೆ. ಮೊದಲು ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಲಿನ ಶುರು ಮರೆತಿರುತ್ತಿತ್ತು. ಬೆರಳಿಟ್ಟು ಓದಿದೆ, ಒಂದನೇ ಕ್ಲಾಸಿನ ಮಗುವಿನ ಹಾಗೆ. ಲ ಮತ್ತು ಳ ಬಹಳ ದಿನ ಕಾಡಿದವು. ಒತ್ತಕ್ಷರ ಬಿಟ್ಟುಹೋದದ್ದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಮರಳಿ ಕೆಲಸಕ್ಕೆ ಬಂದಾಗ ನಾನು ನೋಡಿದ ಪುಟವನ್ನು ಇನ್ನೊಬ್ಬರು ನೋಡಲಿ ಎಂದು ನಾನೇ ಕೇಳಿಕೊಂಡೆ. ಒಂದು ವರ್ಷ ಹಾಗೇ ನಡೆಯಿತು. ಈಗ ಬೇಕಾಗಿಲ್ಲ.

ನಿಮ್ಮ ಮಕ್ಕಳಿಗೆ ಹೇಳಿಬಿಡಿ ಸರ್. "ನನಗೆ ಒಂದು ಕಾಯಿಲೆ ಆಗಿತ್ತು, ಪದ ಸಿಗದಿದ್ದರೆ ನೀವು ಕೊಡಿ" ಎಂದು. ಮಕ್ಕಳು ಕೊಡುತ್ತಾರೆ. ಮರೆಮಾಡಲು ಹೋಗುವುದೇ ಅರ್ಧ ಶಕ್ತಿ ತಿನ್ನುತ್ತದೆ. ಸಾಧ್ಯವಾದರೆ ಬೆಳಗಿನ ಕ್ಲಾಸುಗಳನ್ನು ಕೇಳಿ ಪಡೆಯಿರಿ. ಸುಸ್ತಾದಾಗ ಪದ ಜಾಸ್ತಿ ತಪ್ಪುತ್ತದೆ.

ಪ್ರಶ್ನೆ: ನನಗೆ ತಲೆ ತೆರೆದು ಕ್ಲಿಪ್ ಹಾಕಿದರು. ನಿಮಗೆ ಕಾಯಿಲ್. ನನಗೆ ಹಳೇ ಕಾಲದ ಚಿಕಿತ್ಸೆ ಕೊಟ್ಟರಾ? ಈ ಲೋಹ ಇಟ್ಟುಕೊಂಡು ಎಂಆರ್‌ಐ ಮಾಡಿಸಬಹುದಾ?

ಉತ್ತರ: ಕ್ಲಿಪ್ ಹಳೆಯದು ನಿಜ. ವಾಲ್ಟರ್ ಡ್ಯಾಂಡಿ ಎಂಬ ಅಮೆರಿಕದ ಸರ್ಜನ್ 1937ರಲ್ಲಿ ಮೊದಲ ಸಲ ಹಾಕಿದರು. ಉಬ್ಬಿನೊಳಗೆ ಕೂರಿಸಿ ಬಿಡಿಸುವ ಪ್ಲಾಟಿನಂ ಕಾಯಿಲ್ ತಂದದ್ದು ಗೀಡೊ ಗುಲ್ಯೆಲ್ಮಿ ಎಂಬ ಇಟಲಿಯ ವೈದ್ಯರು, ಮೊದಲ ರೋಗಿಗೆ ಹಾಕಿದ್ದು 1990ರಲ್ಲಿ. ಹಳೆಯದು ಅಂದರೆ ಕೀಳು ಅಲ್ಲ. 2002ರಲ್ಲಿ ಒಂದು ದೊಡ್ಡ ಅಧ್ಯಯನದ ಫಲ ಬಂತು. ಎರಡೂ ಹೊಂದುವಂಥ 2143 ರೋಗಿಗಳನ್ನು ನೋಡಿದ್ದರು. ಒಂದು ವರ್ಷದ ಮೇಲೆ ತೀರಿಕೊಂಡವರು ಮತ್ತು ಇನ್ನೊಬ್ಬರ ಆಸರೆ ಬೇಕಾದವರು ಸೇರಿ ಕಾಯಿಲ್‌ನಲ್ಲಿ ನೂರಕ್ಕೆ ಸುಮಾರು 24, ಕ್ಲಿಪ್‌ನಲ್ಲಿ ಸುಮಾರು 31. ಆಮೇಲೆ ಕಾಯಿಲ್ ಜಾಸ್ತಿಯಾಯಿತು. ಆದರೆ ಕತ್ತು ಅಗಲವಾದ ಅನ್ಯೂರಿಸಂಗೆ, ಕೆಲವು ಜಾಗಗಳಿಗೆ ಕ್ಲಿಪ್ಪೇ ಸರಿ. ಅದು ಮತ್ತೆ ಬಾಯಿ ಬಿಡುವುದೂ ಕಡಿಮೆ. ನಿಮ್ಮ ಅನ್ಯೂರಿಸಂಗೆ ಯಾವುದು ಹೊಂದುತ್ತದೋ ಅದನ್ನು ಆರಿಸಿರುತ್ತಾರೆ.

ಪ್ಲಾಟಿನಂ ಕಾಯಿಲ್, ಟೈಟೇನಿಯಂ ಕ್ಲಿಪ್ ಇದ್ದರೆ ಎಂಆರ್‌ಐ ಸಾಮಾನ್ಯವಾಗಿ ಮಾಡುತ್ತಾರೆ. ಹಿಂದಿನ ಕಾಲದ ಕೆಲವು ಸ್ಟೀಲ್ ಕ್ಲಿಪ್‌ಗಳಿಗೆ ಅಪಾಯ. ಹಾಗಾಗಿ ಆಸ್ಪತ್ರೆಯಲ್ಲಿ ಕೊಟ್ಟ ಕಾರ್ಡ್ ಜೊತೆಯಲ್ಲಿರಲಿ, ಸ್ಕ್ಯಾನ್ ಮಾಡುವವರಿಗೆ ಪ್ರತಿ ಸಲ ತೋರಿಸಿ. ನನ್ನದರ ಫೋಟೋ ಅಕ್ಕನ ಮೊಬೈಲಿನಲ್ಲೂ ಇದೆ.

ಪ್ರಶ್ನೆ: ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ 4 ಮಿ.ಮೀ. ಅನ್ಯೂರಿಸಂ ಸಿಕ್ಕಿತು. ಒಡೆದಿಲ್ಲ. ಸುಮ್ಮನೆ ನೋಡೋಣ ಎನ್ನುತ್ತಾರೆ. ತಲೆಯಲ್ಲಿ ಬಾಂಬ್ ಇಟ್ಟುಕೊಂಡು ಹೇಗೆ ಇರಲಿ?

ಉತ್ತರ: ಬಾಂಬ್ ಎನ್ನಬೇಡಿ. ಆ ಪದವೇ ನಿಮ್ಮ ನಿದ್ದೆ ಕೆಡಿಸುತ್ತಿದೆ. ಚಿಕ್ಕವು ಒಡೆಯುವ ಸಾಧ್ಯತೆ ಕಡಿಮೆ, ಮುಚ್ಚುವ ಚಿಕಿತ್ಸೆಗೂ ಅದರದೇ ಅಪಾಯ ಇದೆ. ವೈದ್ಯರು ಎರಡನ್ನೂ ತೂಗಿ ನೋಡುತ್ತಾರೆ. ಗಾತ್ರ ಒಂದೇ ಅಲ್ಲ, ಜಾಗ, ಆಕಾರ, ನಿಮ್ಮ ವಯಸ್ಸು, ಮನೆಯಲ್ಲಿ ಯಾರಿಗಾದರೂ ಇತ್ತಾ, ಎಲ್ಲ ಲೆಕ್ಕಕ್ಕೆ ಬರುತ್ತದೆ. ಬೀಡಿ ಸಿಗರೇಟು ಇದ್ದರೆ ಇವತ್ತೇ ಬಿಡಿ, ಬಿಪಿ ಹಿಡಿತದಲ್ಲಿಡಿ. ಹೇಳಿದ ದಿನ ಸ್ಕ್ಯಾನಿಗೆ ಹೋಗಿ. ಭಯ ತಡೆಯಲಾಗದಿದ್ದರೆ ಇನ್ನೊಬ್ಬ ನ್ಯೂರೋಸರ್ಜನ್ ಅಭಿಪ್ರಾಯ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ.

ಪ್ರಶ್ನೆ: ನನ್ನ ಅಣ್ಣನಿಗೆ ಆಗಿತ್ತು. ನಾವು ಉಳಿದವರೆಲ್ಲ ಸ್ಕ್ಯಾನ್ ಮಾಡಿಸಬೇಕಾ?

ಉತ್ತರ: ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಇಬ್ಬರು ಅಥವಾ ಜಾಸ್ತಿ ಜನಕ್ಕೆ ಆಗಿದ್ದರೆ ಸಾಮಾನ್ಯವಾಗಿ ಮಾಡಿಸಲು ಹೇಳುತ್ತಾರೆ. ಮನೆತನದಲ್ಲಿ ಕಿಡ್ನಿಯಲ್ಲಿ ನೀರುಗುಳ್ಳೆಗಳಾಗುವ ಕಾಯಿಲೆ ಇದ್ದರೂ ವೈದ್ಯರಿಗೆ ತಪ್ಪದೆ ಹೇಳಿ. ಒಬ್ಬರಿಗೇ ಆಗಿದ್ದರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಬಿಪಿ ಮಾತ್ರ ಎಲ್ಲರೂ ನೋಡಿಸಿಕೊಳ್ಳಿ.

ಪ್ರಶ್ನೆ: ಮೇಡಂ, ನಿಮ್ಮ ಲೇಖನ ಓದಿ ಎರಡು ದಿನ ಊಟ ಸೇರಲಿಲ್ಲ. ಹೋದ ವರ್ಷ ಅಮ್ಮ ಹೋದರು. ಇದೇ ಕಾಯಿಲೆ. ಬೀಳುವ ಮೂರು ದಿನ ಮೊದಲು ಫೋನಿನಲ್ಲಿ, "ಇಂಥ ತಲೆನೋವು ನನ್ನ ಜನ್ಮದಲ್ಲಿ ಬಂದಿರಲಿಲ್ಲ ಕಣೋ" ಅಂದಿದ್ದರು. ನಾನು ಮಾತ್ರೆ ನುಂಗಿ ಮಲಗು ಅಂದೆ. ಇದನ್ನು ಯಾರಿಗೂ ಹೇಳಿಲ್ಲ, ತಂಗಿಗೂ. ನಿಮ್ಮನ್ನು ಉಳಿಸಿದ ಹಾಗೆ ಅಮ್ಮನನ್ನು ಉಳಿಸಬಹುದಿತ್ತಾ?

ಉತ್ತರ: ನಿಮಗೆ ಸುಳ್ಳು ಹೇಳುವುದಿಲ್ಲ. ದೊಡ್ಡದಾಗಿ ಒಡೆಯುವ ಮುಂಚೆ ಕೆಲವರಿಗೆ ಸ್ವಲ್ಪ ಸೋರಿ ಅಂಥ ತಲೆನೋವು ಬರುತ್ತದೆ. ಅಮ್ಮನದು ಅದೇ ಇರಬಹುದು, ಇಲ್ಲದೆಯೂ ಇರಬಹುದು. ಆವತ್ತು ಹೋಗಿದ್ದರೆ ಉಳಿಯುತ್ತಿದ್ದರಾ ಎಂದು ಯಾರೂ ಹೇಳಲಾರರು. ಒಡೆದವರಲ್ಲಿ ನೂರಕ್ಕೆ ಹತ್ತು ಹದಿನೈದು ಮಂದಿ ಆಸ್ಪತ್ರೆ ತಲುಪುವುದೇ ಇಲ್ಲ. ತಲುಪಿದವರೂ ಎಲ್ಲರೂ ಉಳಿಯುವುದಿಲ್ಲ. ನನ್ನ ಪಕ್ಕದ ಹಾಸಿಗೆಯಲ್ಲಿದ್ದವರು ನನಗಿಂತ ಬೇಗ ಬಂದಿದ್ದರು. ಅವರು ಮನೆಗೆ ಹೋಗಲಿಲ್ಲ. ನಾನೇಕೆ ಹೋದೆ ಎಂದು ಆರು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಉತ್ತರ ಸಿಕ್ಕಿಲ್ಲ.

ಆದರೆ ಒಂದು ಮಾತು ಖಂಡಿತ ಹೇಳಬಲ್ಲೆ. ಅಮ್ಮನ ತಲೆನೋವನ್ನು ದೂರದಲ್ಲಿದ್ದ ನೀವು ಫೋನಿನಲ್ಲಿ ಗುರುತಿಸಲಿಲ್ಲ. ನನ್ನದನ್ನು ಎದುರಿಗೇ ಕೂತಿದ್ದ ವೈದ್ಯರು ಗುರುತಿಸಲಿಲ್ಲ. ವಾಂತಿ ಮಾಡುತ್ತಿದ್ದೆ, ಕುತ್ತಿಗೆ ಬಗ್ಗುತ್ತಿರಲಿಲ್ಲ, ಆದರೂ ಗುರುತಿಸಲಿಲ್ಲ. ಆ ವೈದ್ಯರ ಮೇಲೆ ತುಂಬಾ ದಿನ ಸಿಟ್ಟಿತ್ತು ನನಗೆ. ನಿಮ್ಮ ಮೇಲೆ ಎಳ್ಳಷ್ಟೂ ಬರುತ್ತಿಲ್ಲ. ತಲೆನೋವು ಎಂದರೆ ಮಾತ್ರೆ ತಗೋ ಎನ್ನದ ಮಗ ಯಾರಿದ್ದಾರೆ? ಅಮ್ಮ ತಮ್ಮ ನೋವನ್ನು ಹೇಳಲು ಫೋನ್ ಮಾಡಿದ್ದು ನಿಮಗೆ. ಅವರು ನಿಮ್ಮನ್ನು ಹೇಗೆ ನೋಡುತ್ತಿದ್ದರು ಎಂದು ಅದರಲ್ಲೇ ಇದೆ.

ತಂಗಿಗೆ ಹೇಳಿ. ಅವರಿಗೂ ಇಂಥದ್ದೇ ಏನೋ ಒಂದು ಫೋನ್ ಕರೆ, ಒಂದು ಮಾತು ಒಳಗೆ ಕೂತಿರುತ್ತದೆ. ಇಬ್ಬರೂ ಒಂದೊಂದನ್ನೇ ಹೊತ್ತುಕೊಂಡು ಓಡಾಡುವುದು ಬೇಡ.

ಪತ್ರದ ಕೊನೆಯಲ್ಲಿ ನಿಮ್ಮ ಫೋನ್ ನಂಬರ್ ಬರೆದು, ಆಮೇಲೆ ಅಡ್ಡಗೆರೆ ಎಳೆದು ಹೊಡೆದು ಹಾಕಿದ್ದೀರಿ. ಹೊಡೆದು ಹಾಕಿದ್ದನ್ನು ಓದುವುದು ನನ್ನ ಕೆಲಸ. ಹತ್ತೂ ಅಂಕೆ ಕಾಣುತ್ತಿವೆ. ಈ ಸಂಚಿಕೆ ನಿಮ್ಮ ಕೈಗೆ ಬಂದ ಮೇಲಿನ ಭಾನುವಾರ ಸಂಜೆ ಐದಕ್ಕೆ ಫೋನ್ ಮಾಡುತ್ತೇನೆ. ಬೇಡ ಅನಿಸಿದರೆ ತೆಗೆಯಬೇಡಿ, ನನಗೆ ಬೇಜಾರಿಲ್ಲ.